ಮಾಳಿಗೆ ಅತ್ತೆಯ ಗಿಣಿ

ಬಲಗೈಯ ಐದೂ ಬೆರಳು ಕೂಡಿಸಿ ಮಣಿಕಟ್ಟನ್ನು ಚೂರು ಬಗ್ಗಿಸಿದರೆ ಅದು ಗಿಣಿಯ ಕೊಕ್ಕು. ಮಾಳಿಗೆ ಅತ್ತೆಯ ಕೊಕ್ಕಿಗೆ ಸದಾ ಎರಡು ಬಣ್ಣ. ಹೆಬ್ಬೆರಳಿನ ತುದಿಗೆ ಬ್ಯಾಂಕಿನ ಮೊಹರಿನ ನೇರಳೆ ಮಸಿ, ಉಳಿದ ಬೆರಳುಗಳ ಗೆರೆಗಳಲ್ಲಿ ಜೋಳದ ಹಿಟ್ಟಿನ ಬಿಳಿ. ಆ ಕೊಕ್ಕು ಗಾಳಿಯನ್ನು ಎರಡು ಸಲ ಕುಕ್ಕಿತೆಂದರೆ ನಾನು ಬಾಯಿ ತೆರೆಯಬೇಕು. ನಾನು ಆಗ ಎರಡನೇ ಕ್ಲಾಸು, ಮುಂದಿನ ಎರಡು ಹಲ್ಲು ಇರಲಿಲ್ಲ, ಮತ್ತು ವೃತ್ತಿಯಿಂದ ಗಿಣಿ.

ನಾವು ತಿರುವನಂತಪುರದಲ್ಲಿ ಒಂದು ಮನೆಯ ಕೆಳಗಿನ ಭಾಗದಲ್ಲಿ ಬಾಡಿಗೆಗಿದ್ದೆವು. ಅಪ್ಪ ಅಮ್ಮ ಇಬ್ಬರೂ ಕಾಸರಗೋಡಿನವರು. ಅಪ್ಪನಿಗೆ ಸರಕಾರದ ಕಾನೂನು ಕಚೇರಿಯಲ್ಲಿ ಕೆಲಸ. ನಾನು, ಅಕ್ಕ ಮಾತ್ರ ಅಲ್ಲಿಯೇ ಹುಟ್ಟಿದ ಸರಕು. ಅಮ್ಮ ಕನ್ನಡದಲ್ಲಿ ಬೈದರೆ ನಾವು ಮಲಯಾಳದಲ್ಲಿ ಕ್ಷಮೆ ಕೇಳುತ್ತಿದ್ದೆವು. ಒಂದು ಜೂನಿನಲ್ಲಿ ಮಾಳಿಗೆಯ ಮೇಲಿದ್ದ ಒಂಟಿ ಕೋಣೆಗೆ ಧಾರವಾಡದ ಕಡೆಯ ಹೆಂಗಸೊಬ್ಬರು ಬಂದರು. ಬ್ಯಾಂಕಿನ ವರ್ಗಾವಣೆ. ಮದುವೆ ಆಗಿರಲಿಲ್ಲ, ಮಲಯಾಳ ಬರುತ್ತಿರಲಿಲ್ಲ, ಎರಡು ಟ್ರಂಕುಗಳಿದ್ದವು. ಒಂದರಲ್ಲಿ ಬಟ್ಟೆ, ರೊಟ್ಟಿ ಹಂಚು, ಉಪ್ಪಿನಕಾಯಿ ಭರಣಿ. ಇನ್ನೊಂದರ ತುಂಬ ಹಡಗು ಒಡೆದು ನಿರ್ಜನ ದ್ವೀಪ ಸೇರಿದವರ ಕಥೆಗಳ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳು. ತಂಪಾನೂರ್ ಸ್ಟೇಷನ್ನಿನಲ್ಲಿ ಆ ಟ್ರಂಕು ಎತ್ತಿದ ಪೋರ್ಟರು ಒಳಗೆ ಏನಿದೆ ಎಂದು ಕೇಳಿದನಂತೆ. ಇವರು, "ದ್ವೀಪ ಅದ, ಸಾವಕಾಶ ಹಿಡಿ" ಅಂದರಂತೆ. ಅವನಿಗೆ ಅರ್ಥ ಆಗಲಿಲ್ಲ, ಸಾವಕಾಶವಾಗಿ ಹಿಡಿದನಂತೆ.

ನಾನು 'ಆಂಟಿ' ಎಂದು ಕರೆದ ಮೊದಲ ದಿನವೇ ಉತ್ತರ ಬಂತು. "ಆಂಟಿ ಗೀಂಟಿ ಅಂದ್ರ ಹಣಿಗೆ ಮೊಹರು ಹೊಡದು ವಾಪಸ್ ಕಳಸತೀನಿ ನೋಡು. ಅತ್ತಿ ಅನ್ನು." ಹಾಗೆ ಅವರು ಮಾಳಿಗೆ ಅತ್ತೆಯಾದರು.

ಮಕ್ಕಳ ಬಾಯಲ್ಲಿ ನಾಲ್ಕು ಮಾತು ಕನ್ನಡ ಬರಲಿ ಎಂದು ಅಮ್ಮ ನಮ್ಮಿಬ್ಬರನ್ನು ಭಾನುವಾರದ ಸಂಜೆ ಮೇಲಕ್ಕೆ ಅಟ್ಟಿದಳು. ಅತ್ತೆ ನೀರಿನ ಟ್ಯಾಂಕಿನ ಪಕ್ಕ ಒಂದು ಚಾಪೆ ಹಾಸಿದ್ದರು. ನಮ್ಮ ಮನೆ ಗುಡ್ಡದ ನೆತ್ತಿಯಲ್ಲಿತ್ತು. ಮಾಳಿಗೆಯಲ್ಲಿ ನಿಂತರೆ ಕಣ್ಣು ಹೋದಷ್ಟು ದೂರ ತೆಂಗಿನ ತಲೆಗಳೇ. ಗಾಳಿ ಬಂದಾಗ ಅವು ಒಂದರ ಮೇಲೊಂದು ವಾಲಿ, ಹಸಿರು ತೆರೆ ನಮ್ಮ ಕಡೆಗೇ ಉರುಳಿ ಬಂದಂತೆ ಆಗುತ್ತಿತ್ತು. ಎಲ್ಲ ಮುಗಿಯುವಲ್ಲಿ, ಪೆನ್ಸಿಲಿನಲ್ಲಿ ಎಳೆದು ಅರ್ಧ ಅಳಿಸಿದ ಹಾಗೆ, ನಿಜವಾದ ಸಮುದ್ರದ ಒಂದು ಗೆರೆ.

"ಇದು ದ್ವೀಪ," ಅಂದರು ಅತ್ತೆ ಚಾಪೆ ತೋರಿಸಿ. "ಸುತ್ತಲೂ ನೀರು. ಚಪ್ಪಲಿ ಅಲ್ಲೇ ಬಿಡ್ರಿ, ಮಲಯಾಳಮ್ಮೂ ಅಲ್ಲೇ ಬಿಡ್ರಿ."

ಅಕ್ಕನಿಗೆ ಆಡಿನ ಪಾತ್ರ ಸಿಕ್ಕಿತು. ದ್ವೀಪದಲ್ಲಿ ಆಡು ಇರಲೇಬೇಕಂತೆ, ಎಲ್ಲ ಪುಸ್ತಕಗಳಲ್ಲೂ ಇದೆಯಂತೆ. ಆಡಿಗೆ ಮಾತು ಕಡಿಮೆ. ಅಕ್ಕನ ಕನ್ನಡ ಇವತ್ತಿಗೂ ಹೆಚ್ಚುಕಡಿಮೆ ಅಲ್ಲಿಯೇ ನಿಂತಿದೆ. (ಇದನ್ನು ಅವಳು ಓದಲಾರಳು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.) ನಾನು ಗಿಣಿ. ದ್ವೀಪ ಸೇರಿದವನು ಮಾತ್ರ ಯಾರೂ ಅಲ್ಲ. ಅವನು ಅತ್ತೆಯ ಬಾಯಲ್ಲೇ ಇದ್ದ. ಹೆಸರೇನು ಎಂದು ಕೇಳಿದೆವು.

"ಹೆಸರು ಯಾಕ ಬೇಕಲೇ? ದ್ವೀಪದಾಗ ಹೆಸರು ಹಿಡದು ಕರಿಯವರು ಯಾರದಾರ?"

ಆ ಒಂದು ಮಾತಿಗೆ ಮರ್ಯಾದೆ ಕೊಟ್ಟು ನಾನೂ ಇಲ್ಲಿ ಅತ್ತೆಯ ಹೆಸರು ಹಾಕಿಲ್ಲ.

ಪುಸ್ತಕದವರ ಮೇಲೆ ಅತ್ತೆಗೆ ಪ್ರೀತಿ ಎಷ್ಟೋ ಅಷ್ಟೇ ತಕರಾರು. "ಹಡಗು ಒಡೀತದ, ಎಲ್ಲಾರೂ ಮುಳಗತಾರ, ಇವನೊಬ್ಬನ ದಂಡಿಗೆ ಬೀಳತಾನ. ಮರುದಿನ ಈಸಿಕೊಂಡು ಹೋಗಿ ಹಡಗಿನಾಗಿಂದ ಕೊಡಲಿ ತರತಾನ, ಹಗ್ಗ ತರತಾನ, ಬಂದೂಕು ತರತಾನ. ಒಬ್ಬನರೇ ಉಪ್ಪಿನಕಾಯಿ ಭರಣಿ ತಂದಾನೇನು? ಕೇಳ್ತೀನಿ ನಾ!" ಅವರ ದ್ವೀಪದವನು ತಂದ. ಹಂಚು ತಂದ, ಭರಣಿ ತಂದ, ಒಡೆದ ಹಡಗಿನ ಕಚೇರಿಯಿಂದ ಮೊಹರನ್ನೂ ತಂದ. ದ್ವೀಪದ ತೆಂಗಿನಕಾಯಿಗೆಲ್ಲ ಒಂದೊಂದು ಮೊಹರು ಒತ್ತಿದ, ಮಂಗ ಕದ್ದರೆ ಗುರುತು ಸಿಗಲಿ ಎಂದು. ಜೋಳ ಸಿಗದೆ ಒಂದು ಇಡೀ ಭಾನುವಾರ ದ್ವೀಪ ಸುತ್ತಿದ. ಹಿಂದಿನ ದಿನವಷ್ಟೇ ಅತ್ತೆ ಚಾಲೈ ಬಜಾರಿನ ಅಂಗಡಿ ಅಂಗಡಿ ಹೊಕ್ಕು, ಒಳ್ಳೆ ಜೋಳದ ಹಿಟ್ಟು ಸಿಗದೆ ಬೆವರಿ ಬಂದದ್ದನ್ನು ನಾವು ನೋಡಿದ್ದೆವು. ಕಥೆ ಹೇಳುವಾಗ ಅವರ ಕಣ್ಣು ಆ ಪೆನ್ಸಿಲ್ ಗೆರೆಯ ಮೇಲೇ ಇರುತ್ತಿತ್ತು. ಕೇಳುತ್ತ ಕೇಳುತ್ತ ನಮಗೆ ನಿದ್ದೆಯಲ್ಲದ ಒಂದು ನಿದ್ದೆ ಬರುತ್ತಿತ್ತು. ಟ್ಯಾಂಕು ಬಂಡೆಯಾಗುತ್ತಿತ್ತು, ಒಗೆದು ಹಾಕಿದ ಅಪ್ಪನ ಮುಂಡು ಹಾಯಿಯಾಗುತ್ತಿತ್ತು.

"ಹಡಗು ಯಾವಾಗ ಬರ್ತದೆ ಅತ್ತೆ?" ಎಂದು ಕೇಳಿದರೆ, "ತಡಿಯಲೇ. ಕರದ ಕೂಡ್ಲೆ ಬರೂದು ಹಡಗಲ್ಲ, ಆಟೋರಿಕ್ಷಾ."

ಗಿಣಿಯ ಸಂಗತಿಗೆ ಬರುತ್ತೇನೆ. ದ್ವೀಪದಲ್ಲಿ ಒಬ್ಬನೇ ಇದ್ದು ಇದ್ದು ಅವನಿಗೆ ಮನುಷ್ಯರ ದನಿ ಮರೆತುಹೋಗುವ ಹಾಗಾಯಿತಂತೆ. ಅದಕ್ಕೆ ಒಂದು ಗಿಣಿ ಹಿಡಿದು ಮಾತು ಕಲಿಸಿದ. ಕಲಿಸಿದ್ದು ಒಂದೇ ಮಾತು. ದಿನವಿಡೀ ಅಲೆದು ಅವನು ಗುಡಿಸಲಿಗೆ ಬಂದಾಗ ಗಿಣಿ ಕೇಳಬೇಕು: ಊಟಾತೇನ?

ಅತ್ತೆಯ ಕೊಕ್ಕು ನನ್ನ ಕಡೆ ತಿರುಗಿ ಎರಡು ಸಲ ಕುಕ್ಕಿತು. ನಾನು ಯೋಚಿಸಿದೆ. ಗಿಣಿಗೆ ಸ್ವಂತ ದನಿ ಎಲ್ಲಿಂದ? ಕಲಿಸಿದವನ ದನಿಯಲ್ಲೇ ತಾನೇ ಮಾತಾಡಬೇಕು? ಕಲಿಸಿದ್ದು ಅತ್ತೆ. ಅತ್ತೆಯ ದನಿ ಹೊರಡುವ ಮೊದಲು ಒಂದು ಸಣ್ಣ ಉಸಿರು ಎಳೆಯುತ್ತದೆ. ಆಮೇಲೆ ಬೀಸುವ ಕಲ್ಲಿನ ಹಾಗೆ ತುಸು ಗರಗರ. ಪ್ರಶ್ನೆ ಮುಗಿಯುವಲ್ಲಿ, ಬಾಗಿಲ ಚಿಲಕ ಬಿದ್ದ ಹಾಗೆ, ಒಂದು ಸಣ್ಣ ಬಿರುಕು. ಹಲ್ಲಿಲ್ಲದ ಬಾಯಲ್ಲಿ ಅಷ್ಟನ್ನೂ ಒಟ್ಟು ಮಾಡಿ ಕೇಳಿದೆ.

"ಊಟಾತೇನ?"

ಆಡು ಕೂಗುವುದನ್ನು ನಿಲ್ಲಿಸಿತು. ಅತ್ತೆ ನನ್ನನ್ನೇ ನೋಡಿದರು. ಆಮೇಲೆ ನಕ್ಕರು ನೋಡಿ, ಟ್ಯಾಂಕಿಗೆ ಒರಗಿ, ಸೆರಗು ಬಾಯಿಗೆ ಒತ್ತಿಕೊಂಡು. "ಲೇ ಗಿಣಿ! ನಾ ಹಿಂಗ ಮಾತಾಡತೀನೇನು? ಇನ್ನೊಮ್ಮೆ ಅನ್ನು." ಅಂದೆ. "ಇನ್ನೊಮ್ಮೆ." ಅಂದೆ. ಮೂರನೇ ಸಲಕ್ಕೆ ನಗು ನಿಂತಿತ್ತು. ತಲೆ ಸವರಿದರು, ಕೂದಲಿಗೆಲ್ಲ ಹಿಟ್ಟು.

ನಾನು ಬಿಡುವವನಲ್ಲ. "ಹಡಗು ಬಂದು ಅವನು ಹೋದ ಮೇಲೆ ಗಿಣಿ ಎಂತ ಮಾಡ್ತದೆ?"

ಅತ್ತೆ ಆ ದೂರದ ಗೆರೆಯನ್ನು ನೋಡುತ್ತ, "ಅದನ್ನ ಗಿಣೀನ ಹೇಳಬೇಕು" ಅಂದರು.

ಊಟಾತೇನ ಎಂಬ ಮಾತು ಎಲ್ಲಿಂದ ಬಂತು ಎಂಬುದು ನಮಗೆ ಬೇಗ ಗೊತ್ತಾಯಿತು. ಧಾರವಾಡದಲ್ಲಿ ಅವರಿಗೆ ಒಬ್ಬ ತಂಗಿ. ಅಲ್ಲಿ ಶಾಲೆಯ ಟೀಚರು, ಎರಡು ಕೋಣೆಯ ಮನೆಯಲ್ಲಿ ಒಬ್ಬರೇ. ದಿನಾ ಹೊತ್ತು ಮುಳುಗುವಾಗ ಅತ್ತೆ ಟ್ಯಾಂಕಿನ ಪಕ್ಕ ನಿಂತು ಫೋನು ಹಚ್ಚುತ್ತಿದ್ದರು. "ತಂಗೆವ್ವಾ, ಊಟಾತೇನ?" ಆ ಕಡೆಯದು ನಮಗೆ ಕೇಳಿಸದು. ಒಂದು ಕ್ಷಣ ಬಿಟ್ಟು, "ನಂದೂ ಆತು. ಬಾಗಲಾ ಹಾಕ್ಕೊಂಡು ಮಲಕೋ." ಮುಗಿಯಿತು, ಫೋನು ಕೆಳಗೆ. ಆಗಿನ್ನೂ ಆರೂವರೆ. ಆಕಾಶ ಕೆಂಪಗೆ ಬೆಳಗುತ್ತಿರುತ್ತಿತ್ತು. ಹಂಚು ಒಲೆಯ ಮೇಲೆ ಏರಿರಲಿಲ್ಲ. ಆ ತಂಗಿಯೂ ಊಟ ಮಾಡಿರಲು ಸಾಧ್ಯವಿಲ್ಲ. ಅಕ್ಕ ತಂಗಿ ಇಬ್ಬರೂ ದಿನಾ ಸಂಜೆ ಪರಸ್ಪರ ಸುಳ್ಳು ಹೇಳಿ, ಹಗಲು ಬೆಳಕಿನಲ್ಲೇ ಬಾಗಿಲು ಹಾಕಿಸಿ, ನಿಶ್ಚಿಂತೆಯಾಗುತ್ತಿದ್ದರು. ನಾವು ಕೆಳಗಿನ ಮೆಟ್ಟಿಲಲ್ಲಿ ಕೂತು ನಗುತ್ತಿದ್ದೆವು.

ಇಷ್ಟೆಲ್ಲದರ ಪರಿಣಾಮ ಕಾಸರಗೋಡಿನ ಒಂದು ಮದುವೆಯಲ್ಲಿ ಹೊರಬಿತ್ತು. ಅಮ್ಮನ ದೊಡ್ಡಪ್ಪ ಎಲೆಯಡಿಕೆ ಹಾಕುತ್ತ ಕೂತಿದ್ದರು. ಅಮ್ಮ ಹೆಮ್ಮೆಯಿಂದ, "ಅಜ್ಜನ ಹತ್ರ ಕನ್ನಡದಲ್ಲಿ ಮಾತಾಡು ನೋಡುವಾ" ಅಂದಳು. ನಾನು ಕೈಮುಗಿದು, "ಹ್ಯಾಂಗದೀರಿ ಅಜ್ಜಾರ? ಆರಾಮಿದೀರಿ? ಭಾಳ ಸೊರಗೀರಲ್ಲಾ!" ಅಂದೆ.

ಅಜ್ಜನ ಬಾಯಿಂದ ಅಡಿಕೆ ಬಿತ್ತು. "ಇವ ಯಾರ ಮಗ ಮಾರಾಯ್ತಿ?"

"ನನ್ನದೇ," ಅಂದಳು ಅಮ್ಮ ಸಣ್ಣ ದನಿಯಲ್ಲಿ.

"ನಿನ್ನ ಮಗನಾದ್ರೆ ಇವನಿಗೆ ಎಂತ ಆಗಿದೆ?"

ಇಡೀ ಚಪ್ಪರ ನನ್ನ ಸುತ್ತ ಸೇರಿತು. ನನ್ನ ಮೊದಲ ವೇದಿಕೆ ಅದು. ಊಟದ ಪಂಕ್ತಿಯಲ್ಲಿ ಮೂರು ಸಲ ಪಾಯಸ ಬಂತು. ತಿರುಗಿ ಬರುವ ದಾರಿಯುದ್ದಕ್ಕೂ ಅಮ್ಮ, "ನಿನ್ನ ಕನ್ನಡ ಕೇಳಿದರೆ ಚಂದ್ರಗಿರಿ ಹೊಳೆ ದಾಟುವಾಗ ಪಾಸ್‌ಪೋರ್ಟ್ ಕೇಳ್ತಾರೆ" ಎಂದು ಗೊಣಗಿದಳು. ಮಾಳಿಗೆಗೆ ಹೋಗಿ ವರದಿ ಒಪ್ಪಿಸಿದೆ. ಅತ್ತೆ ಗಂಭೀರವಾಗಿ ಕೇಳಿ, "ಸೊರಗೀರಲ್ಲಾ ಅನ್ನಬಾರದಿತ್ತು. ಮದವಿ ಮನ್ಯಾಗ ಛಲೋ ಕಾಣತೀರಿ ಅನ್ನಬೇಕು" ಎಂದು ತಿದ್ದಿದರು. ಭಾಷೆಯ ಬಗ್ಗೆ ಅವರಿಗೇನೂ ತಪ್ಪು ಕಾಣಲಿಲ್ಲ.

ಮುಂದೆ ನಾನು ಯಾರನ್ನೂ ಅಣಕಿಸದೆ ಬಿಡಲಿಲ್ಲ. ಅಪ್ಪ ಹೈಕೋರ್ಟಿನ ಫೋನು ಬಂದಾಗ ಕೂತಲ್ಲಿಂದ ಏಳುವ ರೀತಿ, ಮನೆಯೊಡತಿ ಚೇಚಿ ಬಾಡಿಗೆಯ ಮಾತೆತ್ತದೆ ಬಾಡಿಗೆ ಕೇಳುವ ರೀತಿ, ಮಂತ್ರಿಗಳು, ಮಿಕ್ಸರ್, ಬಸ್ಸಿನ ಬಾಗಿಲು. ಓಣಂ ಹಬ್ಬದ ಕಾರ್ಯಕ್ರಮದಲ್ಲಿ, ಅತ್ತೆ ಎದುರು ಸಾಲಲ್ಲಿ ಕೂತಿದ್ದಾಗಲೇ, ಅತ್ತೆಯನ್ನು ಮಾಡಿದೆ. ಜನ ಬಿದ್ದು ಬಿದ್ದು ನಕ್ಕರು. ಅಮ್ಮನ ಮುಖ ಬಿಳಿಚಿಕೊಂಡಿತು. ಅತ್ತೆ ಮರುದಿನ ಕರೆಸಿ, "ದನಿ ಹತ್ತಕ್ಕ ಹತ್ತು. ಕೈ ಮಾತ್ರ ತಪ್ಪೀದಿ. ನಾ ಸೆರಗು ಎಡಗೈಲೆ ಹಿಡೀತೀನಿ" ಅಂದರು.

ಅತ್ತೆಗೆ ಕೊಚ್ಚಿಗೆ ವರ್ಗವಾದಾಗ ಅದೇ ಎರಡು ಟ್ರಂಕು ತಂಪಾನೂರಿಗೆ ಹೋದವು. ನಿವೃತ್ತಿಯಾದ ಮೇಲೆ ಧಾರವಾಡಕ್ಕೆ ಹೋಗುತ್ತಾರೆ ಎಂದುಕೊಂಡಿದ್ದೆವು. ಹೋದರು, ಒಂದು ಮಳೆಗಾಲ ಇದ್ದರು, ತಿರುಗಿ ಬಂದು ಆಲುವದಲ್ಲಿ ಹೊಳೆ ಕಾಣುವ ಎರಡು ಕೋಣೆ ಹಿಡಿದರು. ಯಾಕೆ ಅಂದರೆ, "ದ್ವೀಪದವರು ಯಾರೂ ಊರಿಗೆ ಹೋಗಿ ಸುಮ್ಮನ ಕೂತದ್ದು ನಾ ಓದಿಲ್ಲ. ಎಲ್ಲಾರಿಗೂ ಮತ್ತ ನೀರು ಕಾಣಬೇಕು ಅನಸತದ" ಅಂದರು. ತಂಗಿಯನ್ನೂ ಕರೆದರು. ಶಾಲೆ ಬಿಟ್ಟು ಬರಲು ಅವರಿಗೆ ಮನಸ್ಸಿಲ್ಲ. ಸಂಜೆಯ ಫೋನು ಹಾಗೇ ನಡೆಯಿತು.

ಅಷ್ಟರಲ್ಲಿ ನಾನೂ ಕೊಚ್ಚಿಗೆ ಬಂದೆ. ಜಾಹೀರಾತಿಗೆ ದನಿ ಕೊಡುವುದು ನನ್ನ ಕೆಲಸ. ನಾನು ಬೆಕ್ಕಾಗಿದ್ದೇನೆ, ಪ್ರೆಷರ್ ಕುಕ್ಕರ್ ಆಗಿದ್ದೇನೆ, ಕೆಮ್ಮಿನ ಔಷಧಿಯ ಜಾಹೀರಾತಿನಲ್ಲಿ ಔಷಧಿಗೆ ಮುಂಚಿನ ಕೆಮ್ಮು ನನ್ನದೇ. ನನ್ನ ಸ್ವಂತ ದನಿ ಮಾತ್ರ ಇನ್ನೂ ಯಾರಿಗೂ ಬೇಕಾಗಿಲ್ಲ. ಭಾನುವಾರ ಮೆಟ್ರೋ ಹತ್ತಿ ಕೊನೆಯ ಸ್ಟೇಷನ್ನಿನಲ್ಲಿ ಇಳಿದರೆ ಅತ್ತೆಯ ಮನೆ. ಜೋಳದ ಹಿಟ್ಟು ತಂಗಿಯ ಪಾರ್ಸೆಲಿನಲ್ಲಿ ಬರುತ್ತಿತ್ತು. ರೊಟ್ಟಿ ಬಡಿಯುವ ಸದ್ದು ಮೆಟ್ಟಿಲಲ್ಲೇ ಕೇಳಿಸುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಅವರದೇ ದನಿಯಲ್ಲಿ, "ಊಟಾತೇನ?" ಎನ್ನುವುದು, ಒಳಗಿಂದ ಅವರು, "ಬಾರೋ ಗಿಣಿ" ಎನ್ನುವುದು. ದ್ವೀಪದವನ ಕಥೆ ಅಲ್ಲೂ ಮುಂದುವರಿಯುತ್ತಿತ್ತು. ಅವನಿಗೀಗ ಮೊಣಕಾಲು ನೋವು.

ಒಂದು ಭಾನುವಾರ ನನ್ನ ಊಟಾತೇನ ಮತ್ತು ಅವರ ಬಾರೋ ಗಿಣಿ, ಎರಡರ ದನಿ ಒಂದಕ್ಕೊಂದು ಕೂಡಲಿಲ್ಲ. ನನಗೆ ದನಿಯ ಹದ ತಪ್ಪುತ್ತಿದೆ ಎಂದುಕೊಂಡೆ. ಬೆಕ್ಕು, ಕುಕ್ಕರ್ ಎಂದು ಗಂಟಲು ಕೆಡಿಸಿಕೊಂಡಿದ್ದೇನೆ ಎಂದು ಬೇಸರವಾಯಿತು. ಕಿವಿಗೊಟ್ಟು ಕೇಳಿದೆ. ಅವರ ದನಿಯಲ್ಲಿ ಗರಗರ ಹೆಚ್ಚಿದೆ, ಕೊನೆಯ ಚಿಲಕ ಬೀಳುತ್ತಿಲ್ಲ. ಸರಿ, ಆ ವಾರವಿಡೀ ಅದನ್ನೇ ಅಭ್ಯಾಸ ಮಾಡಿದೆ. ಮುಂದಿನ ಭಾನುವಾರ ಬಾಗಿಲಲ್ಲಿ ನಿಂತು ಹೊಸ ಪಾಠ ಒಪ್ಪಿಸಿದೆ. ಈ ಸಲ ಕೂಡಿತು.

ರೊಟ್ಟಿ ಬಡಿಯುವುದು ನಿಂತಿತು. ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

"ಇನ್ನೊಮ್ಮೆ ಅನ್ನು."

ಅಂದೆ.

ಕೈ ಗಂಟಲ ಮೇಲೆ ಹೋಯಿತು, ಅಲ್ಲಿ ಬಿಳಿ ಗುರುತು ಬಿತ್ತು. "ನನ್ನ ದನಿ ಹಿಂಗಾಗೇದೇನು? ಖರೇ ಹೇಳು. ನನಗ ಒಳಗಿಂದ ಗೊತ್ತಾಗಿಲ್ಲಲೇ."

ಡಾಕ್ಟರು ಗಂಟಲೊಳಗೆ ನೋಡಿದರು, ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ದನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ನಾನು ಸ್ಟುಡಿಯೋದಲ್ಲಿ ಜಾಗ ಕೇಳಿಟ್ಟೆ. ಒಳ್ಳೆ ಮೈಕು, ಅವರ ಮಾತು, ಕಥೆ, ಎಲ್ಲ ಹಿಡಿದಿಡೋಣ ಅಂದೆ. ಅತ್ತೆ ಒಪ್ಪಲಿಲ್ಲ. "ಡಬ್ಬ್ಯಾಗ ಹಾಕಿಟ್ಟ ಮಾತು ನನಗ ಬ್ಯಾಡ. ಗಿಣಿ ಅದ ಅಲ್ಲಾ." ನಗುತ್ತಲೇ ಅಂದರು. ನಾನು ಒಂದು ಬೆಕ್ಕಿನ ದನಿಯನ್ನೇ ಸರಿಯಾಗಿ ಕಾಪಾಡಿಕೊಳ್ಳಲಾರೆ, ಈ ದನಿಯನ್ನು ನನ್ನ ಮೇಲೆ ಬಿಟ್ಟು ಹೋಗುತ್ತಾರಲ್ಲ!

ಆಪರೇಷನ್ನಿನ ಮುಂಚಿನ ಸಂಜೆ ತಂಗಿಗೆ ಫೋನು ಮಾಡಿದರು. ಊಟಾತೇನ. ನಂದೂ ಆತು. ಬಾಗಲಾ ಹಾಕ್ಕೊಂಡು ಮಲಕೋ. ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಆ ಕಡೆ ಅಳು ಕೇಳಿಸುತ್ತಿತ್ತು.

ಆಮೇಲೆ ನಾನು ಸಭ್ಯನಾದೆ. ಮೋಸಂಬಿ ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ವಾರ್ಡಿಗೆ ಹೋಗಿ, ಸ್ಟೂಲಿನ ತುದಿಯಲ್ಲಿ ಕೂತು, "ಹೇಗಿದ್ದೀರಿ ಅತ್ತೆ? ನೋವು ಕಡಿಮೆಯಾ?" ಎಂದು ಟೀವಿಯಲ್ಲಿ ವಾರ್ತೆ ಓದುವವರ ಹಾಗೆ ಕೇಳುತ್ತಿದ್ದೆ. ಅವರ ದನಿ ಮಾಡುವುದು ಇನ್ನು ಹೇಗೆ? ಕಾಲು ಕಳೆದುಕೊಂಡವರ ಎದುರು ಕುಣಿದ ಹಾಗಲ್ಲವೇ? ಹೀಗೆ ಕೆಲವು ದಿನ ನಡೆಯಿತು. ಒಂದು ಮಧ್ಯಾಹ್ನ ಅತ್ತೆ ನನ್ನನ್ನೇ ದುರುಗುಟ್ಟಿ ನೋಡಿ ಬಲಗೈ ಎತ್ತಿದರು. ಐದು ಬೆರಳು ಕೂಡಿದವು, ಮಣಿಕಟ್ಟು ಬಗ್ಗಿತು. ಹಿಟ್ಟಿಲ್ಲ, ಮಸಿ ಇಲ್ಲ, ಸ್ವಚ್ಛ ಕೊಕ್ಕು. ಅದು ಮೆಲ್ಲಗೆ ಮಗುಚಿ, ಹಾಸಿಗೆಯ ಮೇಲೆ ಅಂಗಾತ ಬಿತ್ತು. ಬೆರಳು ಎರಡು ಸಲ ಒದ್ದಾಡಿ ಸುಮ್ಮನಾದವು.

ಗಿಣಿ ಸತ್ತಿತೇನು ಎಂದು ಕೇಳುತ್ತಿದ್ದರು.

ಪಕ್ಕದ ಹಾಸಿಗೆಯ ಅಮ್ಮಚ್ಚಿ ಗಾಬರಿಯಿಂದ ನರ್ಸಿಗೆ ಕೂಗಿದರು. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂತು. ಅತ್ತೆಯ ಉಸಿರು ಎಳೆದುಕೊಂಡೆ. ರೋಗದ ದನಿಯಲ್ಲ, ಹಳೆಯದು, ಮಾಳಿಗೆಯದು. "ಸಾಯೂದಕ್ಕೇನು ಧಾಡಿ? ಇಲ್ಲೇ ಅದ. ಹಡಗು ಒಡದು ಅವಾ ದಂಡಿಗೆ ಬಿದ್ದನಲ್ಲಾ, ಮರುದಿನ ಏನಾತಂದ್ರ..."

ಅತ್ತೆ ಕಣ್ಣು ಮುಚ್ಚಿ ಕೇಳಿದರು. ನಾನು ತಪ್ಪಿದಲ್ಲಿ ಮಂಚದ ಕಂಬಿಗೆ ಉಂಗುರ ತಟ್ಟಿದರು. ಮೊಹರನ್ನು ಬಿಟ್ಟೆ, ತಟ್ಟಿದರು. ಸೆರಗು ಬಲಗೈಯಲ್ಲಿ ಹಿಡಿದಂತೆ ಮಾಡಿದೆ, ಜೋರಾಗಿ ತಟ್ಟಿದರು.

ಮುಂದಿನ ಭಾನುವಾರಗಳೆಲ್ಲ ಹಾಗೇ. ಹೊಳೆಯ ಮೇಲೆ ಬಿಸಿಲು ಕರಗುತ್ತಿರುವಾಗ ಅವರು ರೊಟ್ಟಿ ಬಡಿಯುತ್ತಿದ್ದರು, ನಾನು ಅವರ ದನಿಯಲ್ಲಿ ಅವರಿಗೇ ಕಥೆ ಹೇಳುತ್ತಿದ್ದೆ. ಕೆಲವೊಮ್ಮೆ ಯಾರು ಹೇಳುತ್ತಿದ್ದಾರೆ, ಯಾರು ಕೇಳುತ್ತಿದ್ದಾರೆ ಎಂಬುದು ನನಗೇ ಮರೆತು, ಕೋಣೆ ಹೊಳೆಯ ಮೇಲೆ ತೇಲುತ್ತ ಹೋಗುತ್ತಿದೆ ಅನ್ನಿಸುತ್ತಿತ್ತು. ಸಂಜೆ ತಂಗಿಯ ಫೋನು ಬರುತ್ತಿತ್ತು. ಈಗ ಪ್ರಶ್ನೆ ಆ ಕಡೆಯಿಂದ. ಅತ್ತೆ ಫೋನಿಗೆ ಉಗುರಿನಿಂದ ಟಕ್ಕೆಂದು ತಟ್ಟುತ್ತಿದ್ದರು: ಆತು. ಒಮ್ಮೆ ನಾನು, "ಕೊಡಿ, ನಿಮ್ಮ ದನಿಯಲ್ಲಿ ನಾನು ಮಾತಾಡ್ತೇನೆ" ಅಂದೆ. ಅತ್ತೆ ಫೋನನ್ನು ಎದೆಗೆ ಒತ್ತಿಕೊಂಡು ತಲೆ ಅಲ್ಲಾಡಿಸಿದರು. ಬೇಡ. ತಂಗಿಗೆ ಮೋಸ ಬೇಡ. ನಾನು ಮತ್ತೆ ಕೇಳಲಿಲ್ಲ.

ಹೋದ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅತ್ತೆ ತೀರಿಕೊಂಡರು. ಗಂಟಲ ರೋಗದಿಂದಲ್ಲ, ಹೃದಯ ನಿಂತು. ಬೆಳಗಿನ ಚಹಾ ಕುಡಿದು ಹೊಳೆಯ ಕಡೆ ಮುಖ ಮಾಡಿ ಕೂತವರು ಹಾಗೇ ಇದ್ದರು. ದ್ವೀಪದವನಿಗೆ ಹಡಗು ಬಂದಿರಲಿಲ್ಲ.

ತಂಗಿ ಬಂದು ಮುಟ್ಟುವಷ್ಟರಲ್ಲಿ ಮರುದಿನ ಬೆಳಿಗ್ಗೆಯಾಯಿತು. ಸಣ್ಣ ಆಳು, ಅತ್ತೆಯದೇ ಮೂಗು. ಎಲ್ಲ ಮುಗಿಸಿ ಮನೆಗೆ ಬಂದೆವು. ಅಪ್ಪ ಅಮ್ಮ ಕೆಳಗೆ ಆಟೋದವನ ಹತ್ತಿರ ಇದ್ದರು. ವೆರಾಂಡಾದಲ್ಲಿ ನಾವಿಬ್ಬರೇ. ಅವರು ಮಡಿಲಲ್ಲಿ ಫೋನು ಇಟ್ಟುಕೊಂಡು ಕೂತಿದ್ದರು.

"ನೀ ಆ ಗಿಣಿ ಅಲ್ಲಾ?"

"ಹೌದ್ರಿ."

"ಇದರಾಗ ಆಕಿ ಮಾತು ಒಂದೂ ಇಲ್ಲಪಾ. ದಿನಾ ಮಾತಾಡತಿದ್ವಿ. ಹಿಡದಿಡಬೇಕು ಅಂತ ಯಾರಿಗೆ ಹೊಳೀತದ?" ಫೋನನ್ನು ಸೆರಗಿನಿಂದ ಒರೆಸಿದರು. "ಆಕಿ ಹಂಗ ಅಂತಿಯಂತಲ್ಲಾ. ನನಗ ಬರದು ಕಳಸತಿದ್ಲು. ಒಂದ ಸಲ ನನ್ನ ಕರೀತೀಯೇನು?"

ಯಾರೂ ಕೇಳದೆಯೇ ಎಲ್ಲರನ್ನೂ ಆಡಿಕೊಂಡು ತಿರುಗಿದ ಬಾಯಿ ನನ್ನದು. ಕೇಳಿದಾಗ ಬರಲಿಲ್ಲ. ಫೋನನ್ನು ಎದೆಗೆ ಒತ್ತಿಕೊಂಡು ತಲೆ ಅಲ್ಲಾಡಿಸಿದ ಅತ್ತೆ ಕಣ್ಣೆದುರು ಬಂದರು. ಆದರೆ ಇಲ್ಲಿ ಮೋಸ ಹೋಗುವವರು ಯಾರೂ ಇರಲಿಲ್ಲ. ಈಕೆಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೇ ಕೇಳುತ್ತಿದ್ದರು. ನಾನು ಹೊಳೆಯ ಕಡೆ ತಿರುಗಿ ನಿಂತೆ, ನನ್ನ ಮುಖ ಕಾಣದಿರಲಿ ಎಂದು. ಸಣ್ಣ ಉಸಿರು ಎಳೆದುಕೊಂಡೆ.

"ತಂಗೆವ್ವಾ, ಊಟಾತೇನ?"

ಕೊನೆಯ ಚಿಲಕ ಸರಿಯಾಗಿ ಬಿತ್ತು.

ಹಿಂದಿನಿಂದ, ದಿನಾ ಸಂಜೆ ಹೇಳಿ ಹೇಳಿ ನುಣುಪಾದ ದನಿಯಲ್ಲಿ, "ಹೂಂ ಅಕ್ಕಾ, ಆತು. ನಿಂದು?"

ಗಿಣಿಗೆ ದ್ವೀಪದವನು ಕಲಿಸಿದ್ದು ಒಂದೇ ಮಾತು. ಉತ್ತರ ಅವನು ಕಲಿಸಿರಲಿಲ್ಲ. ಅದನ್ನು ನಾನು ಕೆಳಗಿನ ಮೆಟ್ಟಿಲಲ್ಲಿ ಕೂತು, ನಗುತ್ತ ನಗುತ್ತ ಕದ್ದು ಕಲಿತಿದ್ದೆ.

"ನಂದೂ ಆತು. ಬಾಗಲಾ ಹಾಕ್ಕೊಂಡು ಮಲಕೋ."

ಹೊಳೆಯ ಮೇಲೆ ಮಧ್ಯಾಹ್ನದ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅವರು ಎದ್ದರು, ಅಕ್ಕನ ಕೋಣೆಗೆ ಹೋದರು, ಒಳಗಿನಿಂದ ಬಾಗಿಲು ಹಾಕಿಕೊಂಡರು.